ವಾದ್ಯವೃಂದದ ಕಚೇರಿಗೆ ಟಿಕೆಟ್ಟು

ಸಂಗೀತವನ್ನು ಕುರಿತು ಭಾಷಣ ಮಾಡುವವರು ನಾದದಿಂದಲೋ ರಾಗದಿಂದಲೋ ಆರಂಭಿಸುವುದು ರೂಢಿ. ನಾವು ಈ ಹೊತ್ತು ಅಷ್ಟು ದೂರ ಹೋಗುವುದಿಲ್ಲ. ಸಭಾಭವನದ ಹೊರಬಾಗಿಲಿನ ಪಕ್ಕದಲ್ಲಿ, ಹಣವನ್ನು ಒಳಗೆ ಎಳೆದುಕೊಂಡು ಚೀಟಿಯನ್ನು ಹೊರಗೆ ತಳ್ಳುವ ಒಂದು ಕಿಟಕಿ ಇರುತ್ತದಷ್ಟೆ, ಅದರ ಮುಂದೆಯೇ ನಿಂತುಬಿಡುತ್ತೇವೆ. ಪಾಶ್ಚಾತ್ಯರ ಶಾಸ್ತ್ರೀಯ ವಾದ್ಯವೃಂದದ ಕಚೇರಿಗೆ ಟಿಕೆಟ್ಟು ಕೊಳ್ಳುವುದೆಂಬುದೇ ನಮ್ಮ ವಿಷಯ. ಇದರಲ್ಲಿ ಹೇಳುವುದಕ್ಕೆ ಏನಿದೆ, ದುಡ್ಡಿದ್ದವನು ಕೊಳ್ಳುತ್ತಾನೆ, ಇಲ್ಲದವನು ಮನೆಗೆ ಹೋಗುತ್ತಾನೆ ಎಂದು ಶ್ರೋತೃಗಳಲ್ಲಿ ಕೆಲವರಿಗೆ ತೋರಬಹುದು. ದುಡ್ಡಿಲ್ಲದವನು ಮನೆಗೆ ಹೋಗಲೇಬೇಕೆ ಎಂಬುದೇ ಮುನ್ನೂರೈವತ್ತು ವರ್ಷಗಳಿಂದ ಆ ಕಿಟಕಿಯ ಮುಂದೆ ನಡೆದು ಬಂದಿರುವ ವ್ಯಾಜ್ಯ.

ನಮ್ಮವರಿಗೆ ಸಂಗೀತವನ್ನು ಹಣ ಕೊಟ್ಟು ಕೇಳುವ ಅಭ್ಯಾಸ ಬಹಳ ಹಳೆಯದಲ್ಲ. ದೇವಸ್ಥಾನದಲ್ಲಿ ಕೇಳಿದೆವು, ಮದುವೆಯ ಚಪ್ಪರದಲ್ಲಿ ಕೇಳಿದೆವು, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಂಥ ಸ್ಥಳಗಳಲ್ಲಿ ಕೇಳಿದೆವು. ಟಿಕೆಟ್ಟಿಟ್ಟ ಕಡೆಯಲ್ಲಿಯೂ ರಾಮೋತ್ಸವದ ಚಪ್ಪರದ ಆಚೆಗೆ, ಬೀದಿಯ ಬದಿಯಲ್ಲಿ, ಧ್ವನಿವರ್ಧಕದ ಕೃಪೆಯಿಂದ ತೋಡಿ ಕಲ್ಯಾಣಿಗಳನ್ನು ಕೇಳಿ ತಲೆದೂಗುವವರನ್ನು ಯಾರೂ ಓಡಿಸುವುದಿಲ್ಲ. ಕಡಲೆಕಾಯಿ ಬಿಡಿಸುತ್ತ ಹೊರಗೆ ನಿಂತವನಿಗೆ ಒಳಗೆ ಕುಳಿತವನಿಗಿಂತ ವಿದ್ವಾಂಸರ ಮುಖ ಕಾಣುವುದಿಲ್ಲವೆಂಬುದೊಂದೇ ನಷ್ಟ.

ಪಾಶ್ಚಾತ್ಯ ವಾದ್ಯವೃಂದದ ವಿಚಾರದಲ್ಲಿ ಹೀಗೆ ಮಾಡುವಂತಿಲ್ಲ. ಎಂಬತ್ತು ತೊಂಬತ್ತು ಮಂದಿ ವಾದಕರು, ಹಿಂದೆ ತಾಳವಾದ್ಯ, ತುತ್ತೂರಿ, ಮುಂದೆ ಪಿಟೀಲುಗಳ ಸಾಲು. ಇಷ್ಟಿದ್ದೂ ಅಲ್ಲಿ ಧ್ವನಿವರ್ಧಕವಿಲ್ಲ. ಮರ, ಗಾರೆ, ಮೇಲ್ಚಾವಣಿ ಇವೇ ಅದರ ಧ್ವನಿವರ್ಧಕ. ಆ ಕೋಣೆಯೂ ಒಂದು ವಾದ್ಯ ಎಂದರೆ ತಪ್ಪಾಗದು. ಗೋಡೆಯ ಹೊರಗೆ ನಿಂತವನಿಗೆ ಏನೂ ಕೇಳಿಸದು. ಕೇಳಬೇಕಾದರೆ ಒಳಗೆ ಹೋಗಬೇಕು, ಒಳಗೆ ಹೋಗಬೇಕಾದರೆ ಟಿಕೆಟ್ಟು ಬೇಕು. ಆದುದರಿಂದ ಆ ದೇಶಗಳಲ್ಲಿ ಟಿಕೆಟ್ಟಿನ ಚರಿತ್ರೆಯೆಂದರೆ ಯಾರಿಗೆ ಸಂಗೀತ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದರ ಚರಿತ್ರೆಯೇ ಆಗುತ್ತದೆ.

ಮೊದಲು ಸಂಗೀತವಿದ್ದುದು ಅರಮನೆಯಲ್ಲಿ, ಇಗರ್ಜಿಯಲ್ಲಿ, ಶ್ರೀಮಂತರ ತೊಟ್ಟಿಗಳಲ್ಲಿ. 1672ನೆಯ ಇಸವಿಯ ಡಿಸೆಂಬರ್ ತಿಂಗಳ ಕೊನೆಯಲ್ಲಿ ಲಂಡನ್ನಿನ ಜಾನ್ ಬ್ಯಾನಿಸ್ಟರ್ ಎಂಬಾತನು, ರಾಜನ ಆಸ್ಥಾನದಲ್ಲಿ ಪಿಟೀಲು ಬಾರಿಸುತ್ತಿದ್ದವನು, ವೈಟ್‌ಫ್ರೈಯರ್ಸ್ ಎಂಬ ಕೇರಿಯ ತನ್ನ ಮನೆಯಲ್ಲಿ ಸಂಜೆ ನಾಲ್ಕು ಗಂಟೆಗೆ ಕಚೇರಿಯೆಂದು ಪತ್ರಿಕೆಯಲ್ಲಿ ಪ್ರಕಟಿಸಿದನು. ಒಂದು ಷಿಲಿಂಗು ಕೊಟ್ಟವನು ಯಾರಾದರೂ ಒಳಗೆ ಬರಬಹುದು. ಕುಲ ಕೇಳಲಿಲ್ಲ, ಪರಿಚಯಪತ್ರ ಕೇಳಲಿಲ್ಲ. ದುಡ್ಡು ಕೇಳುವುದು ಅವಮಾನವೆಂದು ನಾವು ಭಾವಿಸುತ್ತೇವೆ; ಆದರೆ ಅಂದು ದುಡ್ಡು ಕೇಳಿದ್ದರಿಂದಲೇ ಆ ಬಾಗಿಲು ತೆರೆಯಿತು.

ಆರು ವರ್ಷಗಳ ತರುವಾಯ, 1678ರಲ್ಲಿ, ಅದೇ ಊರಿನ ಕ್ಲಾರ್ಕನ್‌ವೆಲ್ ಎಂಬಲ್ಲಿ ತಾಮಸ್ ಬ್ರಿಟನ್ ಎಂಬ ಇದ್ದಲು ಮಾರುವವನು ಸಂಗೀತಕೂಟವನ್ನು ಆರಂಭಿಸಿದನು. ಹಗಲು ಬೀದಿ ಬೀದಿ ತಿರುಗಿ ಇದ್ದಲು ಮಾರುವುದು, ರಾತ್ರಿ ಇದ್ದಲಿನ ಉಗ್ರಾಣದ ಮೇಲಿನ ಇಕ್ಕಟ್ಟಾದ ಅಟ್ಟದಲ್ಲಿ ಕಚೇರಿ ನಡೆಸುವುದು. ಹೊರಗಿನ ಕಡಿದಾದ ಮೆಟ್ಟಿಲುಗಳನ್ನು ಹತ್ತಿ ದೊಡ್ಡ ದೊಡ್ಡ ಮನೆತನದವರು ಅಲ್ಲಿಗೆ ಬಂದರು. ಹೆಂಡೆಲನು ಅಲ್ಲಿ ಬಾರಿಸಿದನೆಂದೂ ಹೇಳುತ್ತಾರೆ. ಮೊದಮೊದಲು ಇದ್ದಲಿನವನು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆಮೇಲೆ ವರ್ಷಕ್ಕೆ ಹತ್ತು ಷಿಲಿಂಗಿನಂತೆ ಚಂದಾ ಗೊತ್ತಾಯಿತು. ಅವನು ಸಾಯುವವರೆಗೆ, ಅಂದರೆ 1714ರವರೆಗೆ, ಕೂಟ ನಡೆಯಿತು.

ಹೀಗೆ ಬಿಡಿ ಟಿಕೆಟ್ಟು ಒಂದು, ವರ್ಷದ ಚಂದಾ ಒಂದು, ಎರಡು ದಾರಿಗಳು ಆಗಲೇ ಬಿದ್ದುವು. ಹದಿನೆಂಟನೆಯ ಶತಮಾನದಲ್ಲಿ ಮೇಲುಗೈಯಾದುದು ಚಂದಾ. 1791ರಲ್ಲಿ ಸಾಲೊಮನ್ ಎಂಬ ಪಿಟೀಲುಗಾರನು ಹೈಡನ್ನನನ್ನು ವಿಯೆನ್ನಾದಿಂದ ಲಂಡನ್ನಿಗೆ ಕರೆತಂದು ಹ್ಯಾನೋವರ್ ಸ್ಕ್ವೇರಿನ ಭವನದಲ್ಲಿ ಹನ್ನೆರಡು ಕಚೇರಿಗಳನ್ನು ನಡೆಸಿದಾಗ, ಹನ್ನೆರಡಕ್ಕೂ ಸೇರಿಸಿ ಐದು ಗಿನಿ ಎಂದು ದರ ಗೊತ್ತುಮಾಡಿದನು. ಹೆಂಗಸರ ಟಿಕೆಟ್ಟು ಹಸುರು, ಗಂಡಸರದು ಕಪ್ಪು. ಹಸುರು ಚೀಟಿಯನ್ನು ಇನ್ನೊಬ್ಬ ಹೆಂಗಸಿಗೆ ಕೊಡಬಹುದು, ಕಪ್ಪನ್ನು ಇನ್ನೊಬ್ಬ ಗಂಡಸಿಗೆ. ಅದಲು ಬದಲು ಕೂಡದು. ಗಾಡಿಯವರು ಕುದುರೆಗಳ ಮುಖವನ್ನು ಯಾವ ದಿಕ್ಕಿಗೆ ತಿರುಗಿಸಿ ನಿಲ್ಲಿಸಬೇಕೆಂಬುದನ್ನೂ ಪ್ರಕಟನೆಯಲ್ಲಿ ಸೇರಿಸಿದ್ದರು. ಕಚೇರಿ ಮುಗಿದ ಮೇಲೆ ಗಾಡಿಗಳು ಸಿಕ್ಕಿಕೊಳ್ಳುವ ಸಂಕಟ ನಮ್ಮ ಕಾಲದ್ದೇ ಎಂದು ಯಾರೂ ತಿಳಿಯಬೇಕಾಗಿಲ್ಲ. ಆ ವರ್ಷ ಹೈಡನ್ನನ ಸ್ವಂತ ಲಾಭಕ್ಕಾಗಿ ನಡೆದ ಕಚೇರಿಯಲ್ಲಿ ಇನ್ನೂರು ಪೌಂಡಿಗೆ ಖಾತರಿಯಿತ್ತು, ಬಂದುದು ಮುನ್ನೂರೈವತ್ತು.

ಚಂದಾದ ಪದ್ಧತಿಯಲ್ಲಿ ಕಲಾವಿದನಿಗೆ ಒಂದು ಅನುಕೂಲ, ಒಂದು ಅಪಾಯ. ಅನುಕೂಲವೇನೆಂದರೆ ಹಣ ಮುಂಗಡವಾಗಿ ಬರುತ್ತದೆ. ಅಪಾಯವೇನೆಂದರೆ ಬಾರದಿದ್ದಾಗ ಅದೂ ಮುಂಗಡವಾಗಿಯೇ ತಿಳಿಯುತ್ತದೆ. ಇದಕ್ಕೆ ಮೊಟ್ಸಾರ್ಟನಿಗಿಂತ ಬೇರೆ ಸಾಕ್ಷಿ ಬೇಡ. 1784ರ ಮಾರ್ಚಿ ತಿಂಗಳಲ್ಲಿ ಅವನು ವಿಯೆನ್ನಾದ ಟ್ರಾಟ್‌ನರ್‌ಹೋಫ್ ಎಂಬ ಕಟ್ಟಡದಲ್ಲಿ ಮೂರು ಕಚೇರಿಗಳನ್ನು ಏರ್ಪಡಿಸಿದನು. ಮೂರಕ್ಕೂ ಸೇರಿ ಆರು ಗುಲ್ಡನ್. ಅವನ ತಂದೆ ಸಾಲ್ಸ್‌ಬರ್ಗಿನಲ್ಲಿ, ಮಗನು ಊರು ಬಿಟ್ಟು ಹೋಗಿ ಕೆಟ್ಟನೆಂದು ಕೊರಗುತ್ತಿದ್ದ ಮನುಷ್ಯ. ಆ ತಂದೆಗೆ ಮಗನು ಚಂದಾದಾರರ ಪಟ್ಟಿಯನ್ನೇ ಬರೆದು ಕಳುಹಿಸಿದನು. 174 ಹೆಸರು; ರಾಜಕುಮಾರರು, ಕೌಂಟುಗಳು, ರಾಯಭಾರಿಗಳು, ಊರಿನ ಮುಖ್ಯಸ್ಥರು. ಆ ಕಾಗದವನ್ನು ಒಂದೊಂದೇ ಹೆಸರಾಗಿ ಓದುತ್ತಿರುವ ಮುದುಕನನ್ನು ನಾವು ಊಹಿಸಿಕೊಳ್ಳಬಹುದು.

ಐದು ವರ್ಷ ಕಳೆಯಿತು. 1789ರ ಬೇಸಗೆಯಲ್ಲಿ ಅದೇ ಊರಿನಲ್ಲಿ ಅವನು ಮತ್ತೊಮ್ಮೆ ಪಟ್ಟಿಯನ್ನು ಮನೆಮನೆಗೆ ಕಳುಹಿಸಿದನು. ತುರ್ಕರೊಡನೆ ಯುದ್ಧ ನಡೆದಿತ್ತು, ಶ್ರೀಮಂತರು ಊರಲ್ಲಿರಲಿಲ್ಲ, ಇದ್ದವರ ಕೈ ಬಿಗಿಯಾಗಿತ್ತು. ಹೆಂಡತಿಗೆ ಕಾಯಿಲೆ. ಹದಿನಾಲ್ಕು ದಿನಗಳಾದ ಮೇಲೆ ಪಟ್ಟಿ ಹಿಂದಕ್ಕೆ ಬಂದಾಗ ಅದರಲ್ಲಿದ್ದುದು ಒಂದು ಹೆಸರು, ಫಾನ್ ಸ್ವೀಟನ್ ಎಂಬ ರಸಿಕನದು. ಮೊಟ್ಸಾರ್ಟನು ಸಾಲ ಕೇಳಿ ಸ್ನೇಹಿತನಿಗೆ ಬರೆದ ಕಾಗದದಲ್ಲಿ ಈ ಸಂಗತಿಯಿದೆ. ಕಚೇರಿಗಳು ನಡೆಯಲಿಲ್ಲ. ಹಿಂದಿನ ವರ್ಷವಷ್ಟೆ ಅವನು ತನ್ನ ಕೊನೆಯ ಮೂರು ಸಿಂಫನಿಗಳನ್ನು ಬರೆದು ಮುಗಿಸಿದ್ದನು. ಇಂದು ಅವುಗಳನ್ನು ಬಾರಿಸದೆ ಇರುವ ವಾದ್ಯವೃಂದವಿಲ್ಲ.

ಬೀತೊವೆನ್ನನಂತೂ ತಾನೇ ಟಿಕೆಟ್ಟು ಮಾರಿದನು. 1800ನೆಯ ಏಪ್ರಿಲ್ 2ರಂದು ವಿಯೆನ್ನಾದ ಅರಮನೆಯ ನಾಟಕಶಾಲೆಯಲ್ಲಿ ಅವನ ಮೊದಲನೆಯ ಸಿಂಫನಿ ಹೊರಬಿದ್ದಿತು. ಟಿಕೆಟ್ಟುಗಳು ನಾಟಕಶಾಲೆಯವನಲ್ಲಿಯೂ, ಟೀಫರ್ ಗ್ರಾಬೆನ್ ಬೀದಿಯ 241ನೆಯ ನಂಬರಿನ ಮನೆಯ ಮೂರನೆಯ ಅಂತಸ್ತಿನಲ್ಲಿ ಬೀತೊವೆನ್ನನ ಬಿಡಾರದಲ್ಲಿಯೂ ದೊರೆಯುತ್ತವೆ ಎಂದು ಪ್ರಕಟನೆ. ಮೂರು ಅಂತಸ್ತು ಹತ್ತಿ ಬಾಗಿಲು ತಟ್ಟಿದರೆ ಬಾಗಿಲು ತೆರೆಯುವವನು ಬೀತೊವೆನ್! ಅವನ ಮುಂಗೋಪವನ್ನು ಬಲ್ಲವರು ಟಿಕೆಟ್ಟನ್ನು ನಾಟಕಶಾಲೆಯಲ್ಲಿಯೇ ಕೊಂಡಿದ್ದರೆ ನಾವು ಆಶ್ಚರ್ಯಪಡುವುದಿಲ್ಲ.

ಇಪ್ಪತ್ತನಾಲ್ಕು ವರ್ಷಗಳ ಮೇಲೆ, 1824ರ ಮೇ 7ರಂದು, ಒಂಬತ್ತನೆಯ ಸಿಂಫನಿಯ ಮೊದಲ ಕಚೇರಿ. ಕಿವುಡನಾಗಿದ್ದ ಬೀತೊವೆನ್ನನಿಗೆ ಜನರ ಚಪ್ಪಾಳೆ ಕೇಳಿಸದೆ, ಹಾಡುತ್ತಿದ್ದ ಹುಡುಗಿಯೊಬ್ಬಳು ಅವನನ್ನು ಸಭೆಯ ಕಡೆಗೆ ತಿರುಗಿಸಿದ ಕಥೆ ಎಲ್ಲರಿಗೂ ಗೊತ್ತು. ಗಲ್ಲಾಪೆಟ್ಟಿಗೆಯ ಕಥೆ ಅಷ್ಟಾಗಿ ಗೊತ್ತಿಲ್ಲ. ಖರ್ಚು ಹೆಚ್ಚಾಗುವುದೆಂದು ಟಿಕೆಟ್ಟಿನ ದರವನ್ನು ಏರಿಸಲು ಅನುಮತಿ ಬೇಡಿದ್ದರು, ಅಧಿಕಾರಿಗಳು ಒಪ್ಪಲಿಲ್ಲ. ವಸೂಲಾದುದು 2,200 ಗುಲ್ಡನ್. ನಾಟಕಶಾಲೆಯ ಬಾಡಿಗೆ, ವಾದಕರ ಸಂಬಳ, ಒಬ್ಬೊಬ್ಬ ವಾದಕನಿಗೂ ಪ್ರತಿಯನ್ನು ಕೈಯಿಂದ ಬರೆಸಿದ ಖರ್ಚು ಎಲ್ಲ ಕಳೆದು ಅವನ ಕೈಗೆ ನಿಂತುದು 420. ಲೆಕ್ಕವನ್ನು ಕಂಡು ಅವನು ಕುಸಿದುಹೋದನೆಂದು ಹತ್ತಿರದವರು ಬರೆದಿಟ್ಟಿದ್ದಾರೆ. ಅದೇ ತಿಂಗಳ 23ರಂದು ಮತ್ತೊಮ್ಮೆ ಕಚೇರಿಯಾಯಿತು. ಅಂದು ಭಾನುವಾರ, ಬಿಸಿಲು ಹಿತವಾಗಿತ್ತು. ಜನ ತೋಟಗಳ ಕಡೆಗೆ ತಿರುಗಾಡಲು ಹೋದರು. ಸಭಾಂಗಣ ಅರ್ಧವೂ ತುಂಬಲಿಲ್ಲ.

ಒಂದು ಸಂಗತಿ ಇಲ್ಲಿ ಗೊತ್ತಾಗುತ್ತದೆ. ವಾದ್ಯವೃಂದವೆಂಬುದು ಟಿಕೆಟ್ಟಿನ ಹಣದಿಂದ ಮಾತ್ರ ಬದುಕುವ ಪ್ರಾಣಿಯಲ್ಲ. ಆ ಕಾಲದಲ್ಲಿ ಬದುಕಲಿಲ್ಲ, ಈಗಲೂ ಬದುಕುತ್ತಿಲ್ಲ. ನಾಲ್ವರು ಕುಳಿತು ನಮ್ಮಲ್ಲಿ ಕಚೇರಿ ಮಾಡುತ್ತಾರೆ. ಅಲ್ಲಿ ತೊಂಬತ್ತು ಮಂದಿಗೆ ಸಂಬಳ. ದರವನ್ನು ಏರಿಸಿದರೆ ಕೇಳುವವರು ಉಳಿಯುವುದಿಲ್ಲ, ಇಳಿಸಿದರೆ ಬಾರಿಸುವವರು ಉಳಿಯುವುದಿಲ್ಲ. ನಡುವಣ ಹಳ್ಳವನ್ನು ಸರ್ಕಾರವೋ ಪೌರಸಭೆಯೋ ಧನಿಕನೋ ತುಂಬಬೇಕು. ಅಮೆರಿಕೆಯ ಬಾಸ್ಟನ್ ನಗರದಲ್ಲಿ 1881ರಲ್ಲಿ ಹೆನ್ರಿ ಲೀ ಹಿಗಿನ್‌ಸನ್ ಎಂಬ ಸಾಹುಕಾರನು ವಾದ್ಯವೃಂದವನ್ನು ಕಟ್ಟಿದಾಗ ನಷ್ಟವನ್ನೆಲ್ಲ ತಾನೇ ಹೊರುತ್ತೇನೆಂದು ನಿಶ್ಚಯಿಸಿ, ಇಪ್ಪತ್ತೈದು ಸೆಂಟಿನ ಟಿಕೆಟ್ಟನ್ನೂ ಇಟ್ಟನು. ಆ ಅಗ್ಗದ ಸ್ಥಳಕ್ಕಾಗಿ ಜನ ಮೆಟ್ಟಿಲುಗಳ ಮೇಲೆ ಸಾಲುಗಟ್ಟಿ, ಬಾಗಿಲು ತೆರೆದೊಡನೆ ಓಡುತ್ತಿದ್ದರು.

ಆದರೆ ಅಗ್ಗದ ಟಿಕೆಟ್ಟನ್ನು ಒಂದು ಸಂಪ್ರದಾಯವನ್ನಾಗಿಯೇ ಮಾಡಿದ ಕೀರ್ತಿ ಲಂಡನ್ನಿನ ಪ್ರಾಮ್ಸ್ ಎಂಬ ಕಚೇರಿಗಳಿಗೆ ಸಲ್ಲಬೇಕು. ಅವು ಆರಂಭವಾದುದು 1895ರ ಆಗಸ್ಟ್ 10ರಂದು, ಕ್ವೀನ್ಸ್ ಹಾಲ್ ಎಂಬ ಭವನದಲ್ಲಿ. ಏರ್ಪಡಿಸಿದವನು ರಾಬರ್ಟ್ ನ್ಯೂಮನ್. ನಿರ್ದೇಶಕನು ಇಪ್ಪತ್ತಾರು ವರ್ಷದ ಹೆನ್ರಿ ವುಡ್. ಬಂಡವಾಳ ಹಾಕಿದವನು ಜಾರ್ಜ್ ಕ್ಯಾತ್‌ಕಾರ್ಟ್ ಎಂಬ ಕಿವಿ ಗಂಟಲುಗಳ ವೈದ್ಯ. ಅವನದೊಂದು ಷರತ್ತು: ಇಂಗ್ಲೆಂಡಿನಲ್ಲಿ ಆಗ ನಡೆಯುತ್ತಿದ್ದ ಏರಿದ ಶ್ರುತಿಯನ್ನು ಇಳಿಸಿ ಫ್ರಾನ್ಸಿನ ಶ್ರುತಿಗೆ ತರಬೇಕು. ಹಾಡುವವರ ಗಂಟಲು ಹಾಳಾಗುವುದನ್ನು ದಿನವೂ ಕಂಡವನಿಗೆ ಅಷ್ಟು ಕೇಳುವ ಹಕ್ಕಿತ್ತು. ನೆಲದ ಮೇಲಿನ ಕುರ್ಚಿಗಳನ್ನೆಲ್ಲ ತೆಗೆಸಿದರು. ನಿಂತು ಕೇಳುವವನಿಗೆ ಒಂದು ಷಿಲಿಂಗು. ಇಡೀ ಋತುವಿಗೆ ಒಂದು ಗಿನಿ. ತಿನ್ನಬಹುದು, ಕುಡಿಯಬಹುದು, ಸೇದಬಹುದು. ಹಾಡುವವರು ಹಾಡುತ್ತಿರುವಾಗ ಮಾತ್ರ ಬೆಂಕಿಕಡ್ಡಿ ಗೀಚಬಾರದು. ಸಂಗೀತ ಗೊತ್ತಿಲ್ಲದವರನ್ನು ಸುಲಭವಾದ ತುಣುಕುಗಳಿಂದ ಒಳಕ್ಕೆ ಎಳೆದು, ವರ್ಷದಿಂದ ವರ್ಷಕ್ಕೆ ಮೇಲೇರಿಸುವುದು ನ್ಯೂಮನ್ನನ ಉದ್ದೇಶ. ಉದ್ದೇಶ ನೆರವೇರಿತು, ಪಾಪ, ನ್ಯೂಮನ್ನನೇ 1902ರಲ್ಲಿ ದಿವಾಳಿಯಾದನು. ಎಡ್ಗರ್ ಸ್ಪೈಯರ್ ಎಂಬ ಸಾಹುಕಾರನು ಕೈಹಿಡಿದು ಕಚೇರಿಗಳನ್ನು ಉಳಿಸಿದನು.

ಈ ಸಂದರ್ಭದಲ್ಲಿ ನಮ್ಮ ಆಕಾಶವಾಣಿಯ ಕುಲಕ್ಕೆ ಸೇರಿದ ಒಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗುವುದು ಸರಿಯಲ್ಲ. ನ್ಯೂಮನ್ 1926ರಲ್ಲಿ ತೀರಿಕೊಂಡನು. ಕ್ವೀನ್ಸ್ ಹಾಲನ್ನು ಇಟ್ಟುಕೊಂಡಿದ್ದ ಚಾಪೆಲ್ ಸಂಸ್ಥೆಯ ಮುಖ್ಯಸ್ಥ ವಿಲಿಯಂ ಬೂಸಿಗೆ ರೇಡಿಯೋ ಎಂದರೆ ಆಗದು. ಮನೆಯಲ್ಲಿ ಪುಕ್ಕಟೆಯಾಗಿ ಸಂಗೀತ ಬಂದರೆ ಟಿಕೆಟ್ಟನ್ನು ಕೊಳ್ಳುವ ಹುಚ್ಚನಾರು ಎಂಬುದು ಅವನ ವಾದ. ವಾದ ಮೇಲುನೋಟಕ್ಕೆ ಸರಿಯಾಗಿಯೇ ಇತ್ತು. ಆದರೆ 1927ರಲ್ಲಿ ಆ ಸಂಸ್ಥೆ ಕಚೇರಿಗಳಿಂದ ಕೈತೆಗೆದಾಗ, ಅವುಗಳನ್ನು ವಹಿಸಿಕೊಂಡುದು ಬಿ.ಬಿ.ಸಿ. ರೇಡಿಯೋ ಸಂಸ್ಥೆಯೇ. ಕಚೇರಿಗಳು ಗಾಳಿಯಲ್ಲಿ ಹರಡಿದುವು, ಭವನವೂ ತುಂಬಿತು. ಮನೆಯಲ್ಲಿ ಕೇಳಿದವನಿಗೆ ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಹುಟ್ಟುತ್ತದೆ ಎಂಬುದನ್ನು ಬೂಸಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪ್ರಸಾರವನ್ನು ಆರಂಭಿಸಿದ ಮೇಲೆ ನಮ್ಮ ಸಭೆಗಳಿಗೆ ಬರುವವರು ಕಡಮೆಯಾದರೆ? ಇಲ್ಲವಷ್ಟೆ.

1941ರ ಮೇ 10ರ ರಾತ್ರಿ ಜರ್ಮನರ ಬಾಂಬಿಗೆ ಕ್ವೀನ್ಸ್ ಹಾಲು ಸುಟ್ಟುಹೋಯಿತು. ಪ್ರಾಮ್ಸ್ ಕಚೇರಿಗಳು ಆ ವರ್ಷವೇ ರಾಯಲ್ ಆಲ್ಬರ್ಟ್ ಹಾಲಿಗೆ ಬಂದುವು. ಇಂದಿಗೂ ಅಲ್ಲಿಯೇ ನಡೆಯುತ್ತವೆ. ಆ ಭವನದ ಟಿಕೆಟ್ಟಿನದು ಇನ್ನೊಂದು ವಿಚಿತ್ರ. 1871ರಲ್ಲಿ ಅದು ತೆರೆಯುವುದಕ್ಕೆ ಮುಂಚೆ ಕಟ್ಟುವುದಕ್ಕೆ ಹಣ ಸಾಲದೆ, ಸುಮಾರು 1,300 ಆಸನಗಳನ್ನು ಒಂದೊಂದು ನೂರು ಪೌಂಡಿಗೆ 999 ವರ್ಷಗಳ ಮಟ್ಟಿಗೆ ಮಾರಿಬಿಟ್ಟರು. ಆ ಹಕ್ಕು ಮನೆಯಂತೆ, ಹೊಲದಂತೆ, ತಂದೆಯಿಂದ ಮಗನಿಗೆ ಬರುತ್ತದೆ, ಕೈಯಿಂದ ಕೈಗೆ ಮಾರಾಟವಾಗುತ್ತದೆ. ಐದು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟ ಆಸನಗಳಲ್ಲಿ ಕಾಲುಭಾಗದಷ್ಟು ಹೀಗೆ ಖಾಸಗಿಯವರ ಸ್ವತ್ತು. ಅವರಲ್ಲಿ ಕೆಲವರು ತಮ್ಮ ಟಿಕೆಟ್ಟನ್ನು ಕಂಡ ಬೆಲೆಗೆ ಮಾರುವುದು ನ್ಯಾಯವೇ ಎಂಬ ಚರ್ಚೆ ಈಚಿನ ವರ್ಷಗಳಲ್ಲಿ ಪಾರ್ಲಿಮೆಂಟಿನವರೆಗೂ ಹೋಗಿದೆ. ಒಂದೇ ಸೂರಿನ ಕೆಳಗೆ ಒಂದು ಕಡೆ ಸಾವಿರ ವರ್ಷದ ಜಹಗೀರು, ನಡುವೆ ನೆಲದ ಮೇಲೆ ನಿಂತವನ ಷಿಲಿಂಗು. ಇಂದು ಆ ಷಿಲಿಂಗು ಎಂಟು ಪೌಂಡಿನ ಆಜುಬಾಜಿಗೆ ಬಂದಿದೆ. ಆದರೂ ಅದು ಅಲ್ಲಿನ ಒಳ್ಳೆಯ ಕುರ್ಚಿಯ ಬೆಲೆಯಲ್ಲಿ ಒಂದು ಸಣ್ಣ ಪಾಲು. ನಿಲ್ಲುವ ಸ್ಥಳವೋ, ನಿರ್ದೇಶಕನ ಬೆನ್ನಿಗೆ ಕೆಲವೇ ಮಾರು ದೂರ. ಹಣವಂತನಿಗಿಂತ ಕಾಲಿನಲ್ಲಿ ಶಕ್ತಿಯುಳ್ಳವನಿಗೆ ಒಳ್ಳೆಯ ಸ್ಥಳ ದೊರೆಯುವ ಏರ್ಪಾಡು ಇನ್ನೆಲ್ಲಿಯೂ ಇಷ್ಟು ದೊಡ್ಡದಾಗಿ ಇದ್ದಂತೆ ನಮಗೆ ಕಾಣೆವು. ಮೊದಲು ಇದಕ್ಕಾಗಿ ಮಧ್ಯಾಹ್ನದಿಂದ ಸಾಲಿನಲ್ಲಿ ಕುಳಿತಿರುತ್ತಿದ್ದರು, ಬುತ್ತಿ ಬಿಚ್ಚಿ ಹಂಚಿಕೊಳ್ಳುತ್ತಿದ್ದರು. ಈಚೆಗೆ ಬಹುಮಟ್ಟಿಗೆ ಕಚೇರಿಯ ದಿನ ಬೆಳಗ್ಗೆ ಗಣಕಯಂತ್ರದ ಮೂಲಕವೇ ಮಾರುತ್ತಾರೆ. ಬುತ್ತಿಯ ಸ್ನೇಹಗಳು ಅಷ್ಟರಮಟ್ಟಿಗೆ ಕಡಮೆಯಾದುವು.

ವಿಯೆನ್ನಾದಲ್ಲಿ ಪದ್ಧತಿ ಬೇರೆ. ಅಲ್ಲಿಯ ಫಿಲ್‌ಹಾರ್ಮೊನಿಕ್ ವಾದ್ಯವೃಂದ ಹುಟ್ಟಿದುದು 1842ರಲ್ಲಿ. 1870ರಿಂದ ಅದು ಮ್ಯೂಸಿಕ್‌ಫೆರೈನ್ ಎಂಬ ಸಂಸ್ಥೆಯ ಚಿನ್ನದ ಬಣ್ಣದ ಸಭಾಂಗಣದಲ್ಲಿ ಬಾರಿಸುತ್ತ ಬಂದಿದೆ. ಭಾನುವಾರದ ಕಚೇರಿಗಳ ಚಂದಾ ಬೇಕಾದರೆ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯಬೇಕು. ಹೊಸ ವರ್ಷದ ದಿನ ಬೆಳಗ್ಗೆ ನಡೆಯುವ ಕಚೇರಿಯನ್ನು ಲೋಕವೆಲ್ಲ ದೂರದರ್ಶನದಲ್ಲಿ ನೋಡುತ್ತದೆ. ಅದಕ್ಕೆ ಬರಬೇಕೆನ್ನುವವರು ಅಸಂಖ್ಯ, ಆಸನಗಳು ಎರಡು ಸಾವಿರಕ್ಕೂ ಕಡಮೆ. ಅದಕ್ಕಾಗಿ ಅವರು ಹಿಂದಿನ ವರ್ಷದ ಆರಂಭದಲ್ಲಿಯೇ ಅರ್ಜಿಗಳನ್ನು ತೆಗೆದುಕೊಂಡು ಚೀಟಿ ಎತ್ತುತ್ತಾರೆ. ಮೊದಲ ದಿನ ಬರೆದವನಿಗೂ ಕೊನೆಯ ದಿನ ಬರೆದವನಿಗೂ ಅದೃಷ್ಟ ಸಮಾನ. ನಮ್ಮ ದೇಶದವರಿಗೆ ಒಂದು ಸಮಾಧಾನವುಂಟು: 1935ರಲ್ಲಿ ಮುಂಬಯಿಯಲ್ಲಿ ವಾದ್ಯವೃಂದವನ್ನು ಕಟ್ಟಿದ ಮೆಹ್ಲಿ ಮೆಹತಾ ಅವರ ಮಗ ಜೂಬಿನ್ ಮೆಹತಾ ಅವರು ಆ ಹೊಸ ವರ್ಷದ ಕಚೇರಿಯನ್ನು 1990ರಿಂದ 2015ರೊಳಗೆ ಐದು ಸಲ ನಡೆಸಿಕೊಟ್ಟಿದ್ದಾರೆ. ಟಿಕೆಟ್ಟಿಲ್ಲದೆ ಒಳಗೆ ಹೋಗುವುದಕ್ಕೆ ಅದೊಂದು ದಾರಿ.

ಅದೇ ಊರಿನ ಗೀತನಾಟಕಶಾಲೆಯಲ್ಲಿ ನಿಂತು ನೋಡುವವರು ತಮ್ಮ ಸ್ಥಳದ ಮುಂದಿನ ಕಂಬಿಗೆ ಕೊರಳಿನ ಉಲ್ಲನ್ ವಸ್ತ್ರವನ್ನು ಕಟ್ಟಿ ಕಾಫಿಗೆ ಹೊರಡುತ್ತಾರೆ. ಕಟ್ಟಿದ ವಸ್ತ್ರವನ್ನು ಯಾರೂ ಮುಟ್ಟುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವಲು ಹಾಕಿ ಸ್ಥಳ ಹಿಡಿಯುವ ನಮ್ಮ ಪದ್ಧತಿಯನ್ನು ಅನಾಗರಿಕವೆನ್ನುವವರು ಇದನ್ನು ಗಮನಿಸಬೇಕು.

ಇನ್ನು ಟಿಕೆಟ್ಟನ್ನು ಕೊಳ್ಳಲು ನಿಜವಾಗಿ ಹೊರಟವರಿಗೆ ಒಂದೆರಡು ಮಾತು. ನಮ್ಮವರು ಮುಂದಿನ ಸಾಲೆಂದರೆ ಶ್ರೇಷ್ಠವೆಂದು ತಿಳಿದು ಹೆಚ್ಚು ಹಣ ಕೊಡುತ್ತಾರೆ. ಗಾಯಕರ ಕಚೇರಿಗೆ ಅದು ಸರಿ, ವಾದ್ಯವೃಂದಕ್ಕೆ ಸರಿಯಲ್ಲ. ಮೊದಲ ಸಾಲಿನಲ್ಲಿ ಕುಳಿತವನಿಗೆ ಕಾಣುವುದು ಪಿಟೀಲುಗಾರರ ಬೂಟು. ಕೊಳಲು, ಓಬೋ, ಕ್ಲಾರಿನೆಟ್ಟುಗಳು ಆ ಬೂಟುಗಳ ಕಾಡಿನ ಹಿಂದೆ ಎಲ್ಲಿಯೋ ಅಡಗಿಹೋಗುತ್ತವೆ. ಹತ್ತು ಹನ್ನೆರಡು ಸಾಲು ಹಿಂದಕ್ಕೆ ಸರಿದರೆ ಧ್ವನಿಗಳು ಒಂದರೊಳಗೊಂದು ಬೆರೆಯುತ್ತವೆ. ಮೇಲಿನ ಉಪ್ಪರಿಗೆಯ ಎದುರುಭಾಗ ಅನೇಕ ಭವನಗಳಲ್ಲಿ ಅಗ್ಗವೂ ಹೌದು, ಕಿವಿಗೆ ಅತ್ಯುತ್ತಮವೂ ಹೌದು. ವಿಯೆನ್ನಾದ ಸಭಾಂಗಣದಂತೆ ಉದ್ದನೆಯ ಪೆಟ್ಟಿಗೆಯಾಕಾರದ ಕಡೆಯಲ್ಲಿ ಪಕ್ಕದ ಉಪ್ಪರಿಗೆಯ ಹಿಂದಿನ ಸಾಲಿನವರಿಗೆ ವೇದಿಕೆ ಕಾಣುವುದೇ ಇಲ್ಲ, ಆದರೆ ಕೇಳಿಸುವುದರಲ್ಲಿ ಕೊರತೆಯಿಲ್ಲ. ನೋಡುವುದಕ್ಕೆ ಬಂದಿದ್ದೇವೆಯೋ ಕೇಳುವುದಕ್ಕೆ ಬಂದಿದ್ದೇವೆಯೋ ಎಂಬುದನ್ನು ಕಿಟಕಿಗೆ ಹೋಗುವ ಮುಂಚೆ ತೀರ್ಮಾನಿಸಿಕೊಳ್ಳಬೇಕು.

1963ರಲ್ಲಿ ತೆರೆದ ಬರ್ಲಿನ್ನಿನ ಫಿಲ್‌ಹಾರ್ಮೊನಿಯ ಭವನದಲ್ಲಿ ವಾಸ್ತುಶಿಲ್ಪಿ ಹಾನ್ಸ್ ಶಾರೂನನು ವಾದ್ಯವೃಂದವನ್ನು ನಡುವೆ ಕೂರಿಸಿ ಸುತ್ತಲೂ ಜನರನ್ನು ಕೂರಿಸಿದನು. ವಾದ್ಯವೃಂದದ ಹಿಂದಿನ ಆಸನಗಳು ಅಲ್ಲಿ ಅಗ್ಗ. ನಿರ್ದೇಶಕನ ಮುಖವನ್ನು ವಾದಕರು ಕಾಣುವಂತೆಯೇ ಕಾಣಬಹುದು. ಕಣ್ಣಿನ ಒಂದು ಸನ್ನೆಗೆ ಇಡೀ ಪಂಕ್ತಿ ಹೇಗೆ ಎದ್ದು ಬೀಳುತ್ತದೆಂಬುದನ್ನು ತಿಳಿಯುವುದಕ್ಕೆ ಅದಕ್ಕಿಂತ ಉತ್ತಮವಾದ ಪಾಠಶಾಲೆಯಿಲ್ಲ. ಆದರೆ ಹಾರ್ನ್ ಎಂಬ ಸುತ್ತುಗೊಂಬಿನ ಬಾಯಿ ಹಿಂದಕ್ಕೆ ತಿರುಗಿರುತ್ತದೆ. ಅದು ನೇರವಾಗಿ ನಮ್ಮ ಮುಖಕ್ಕೇ ಊದುತ್ತದೆ. ಗಾಯಕಿಯೊಬ್ಬಳಿದ್ದ ದಿನ ನಾವು ಒಮ್ಮೆ ಇಂಥ ಆಸನವನ್ನು ಅಗ್ಗವೆಂದು ಸಂತೋಷದಿಂದ ಕೊಂಡು ಕುಳಿತೆವು. ಆಕೆ ಸಭೆಯ ಆ ಕಡೆಗೆ ಮುಖಮಾಡಿ ಹಾಡಿದಳು. ನಮಗೆ ದೊರೆತುದು ಆಕೆಯ ಜಡೆ, ಹಾಗೂ ಎರಡು ಗಂಟೆಗಳ ಕಾಲ ಕೊಂಬಿನ ಉಪದೇಶ. ತಪ್ಪು ನಮ್ಮದೇ; ಕಾರ್ಯಕ್ರಮವನ್ನು ಓದದೆ ಬೆಲೆಯನ್ನು ಮಾತ್ರ ಓದಿದ್ದೆವು.

ಸಮುದ್ರ ದಾಟಲಾರದವರು ಮುಂಬಯಿಗೆ ಹೋಗಬಹುದು. 2006ರಲ್ಲಿ ಅಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಎಂಬ ವಾದ್ಯವೃಂದ ಸ್ಥಾಪಿತವಾಗಿ, ನಾರಿಮನ್ ಪಾಯಿಂಟಿನ ಕಲಾಕೇಂದ್ರದಲ್ಲಿ ಬಾರಿಸುತ್ತಿದೆ.

ಎಲ್ಲ ಟಿಕೆಟ್ಟುಗಳೂ ಮಾರಾಟವಾಗಿವೆ ಎಂಬ ಹಲಗೆಯನ್ನು ಕಂಡು ಹಿಂದಿರುಗಬೇಕಾಗಿಲ್ಲ. ಯಾರಿಗೋ ಜ್ವರ ಬಂದಿರುತ್ತದೆ, ಯಾರದೋ ರೈಲು ತಪ್ಪಿರುತ್ತದೆ. ಅವರು ಹಿಂದಿರುಗಿಸಿದ ಟಿಕೆಟ್ಟುಗಳು ಕೊನೆಯ ಗಂಟೆಯಲ್ಲಿ ಕಿಟಕಿಗೆ ಬರುತ್ತವೆ. ಬರ್ಲಿನ್ನಿನಲ್ಲಿ ಬಾಗಿಲ ಬಳಿ ಕೆಲವರು ಟಿಕೆಟ್ಟು ಬೇಕಾಗಿದೆ ಎಂದು ರಟ್ಟಿನ ಮೇಲೆ ಬರೆದು ಎದೆಯ ಮುಂದೆ ಹಿಡಿದು ಮೌನವಾಗಿ ನಿಂತಿರುತ್ತಾರೆ. ಭಿಕ್ಷೆಯಂತೆ ತೋರಿದರೂ ಅದಕ್ಕೆ ಯಾರೂ ನಾಚುವುದಿಲ್ಲ. ಬೆಲೆಗಿಂತ ಹೆಚ್ಚು ಕೇಳುವ ದಲ್ಲಾಳಿಗಳೂ ಸುಳಿದಾಡುವುದುಂಟು. ಅವರಿಂದ ದೂರವಿರುವುದು ಲೇಸು.

ಟಿಕೆಟ್ಟಿನ ಮಾತು ಬಂದಾಗ ಮೈಸೂರಿನವರು ಹೇಳಿಕೊಳ್ಳಬೇಕಾದುದೊಂದಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವಿತ್ತು, ಓಟೋ ಸ್ಮಿತ್ ಎಂಬ ಜರ್ಮನ್ ನಿರ್ದೇಶಕನಿದ್ದನು. ಅವರ ತರುವಾಯ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಸ್ವತಃ ಪಿಯಾನೋ ಬಲ್ಲವರು. ಲಂಡನ್ನಿನಲ್ಲಿ 1945ರಲ್ಲಿ ವಾಲ್ಟರ್ ಲೆಗ್ ಎಂಬವನು ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು ಕಟ್ಟಿ, ಯುದ್ಧಾನಂತರದ ಬಡತನದಲ್ಲಿ ಅದನ್ನು ಸಾಕಲಾರದೆ ಒದ್ದಾಡುತ್ತಿದ್ದಾಗ, ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದವರು ಅವರು. 1948ರಲ್ಲಿ ಆ ವಾದ್ಯವೃಂದದ ಕಚೇರಿ ಸಂಘಕ್ಕೆ ಅವರೇ ಮೊದಲನೆಯ ಅಧ್ಯಕ್ಷರು. ಮೆಟ್‌ನರ್ ಎಂಬ ರಷ್ಯದ ಸಂಗೀತಕಾರನು ಲಂಡನ್ನಿನಲ್ಲಿ ಮುದುಕನಾಗಿ ಮರೆತುಹೋಗಿದ್ದಾಗ, ಅವನ ಕೃತಿಗಳನ್ನು ಅವನ ಕೈಯಿಂದಲೇ ಬಾರಿಸಿ ತಟ್ಟೆಗಳಲ್ಲಿ ಹಿಡಿದಿಡುವ ಖರ್ಚನ್ನೂ ಅವರು ವಹಿಸಿಕೊಂಡರು. ಮೆಟ್‌ನರನು ತನ್ನ ಮೂರನೆಯ ಪಿಯಾನೋ ಕಾನ್ಸೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ.

ರಿಚರ್ಡ್ ಸ್ಟ್ರಾಸ್ 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಅವನು ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳನ್ನು ಯಾರೂ ಇನ್ನೂ ಕೇಳಿರಲಿಲ್ಲ. ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಎಂಬ ಗಾಯಕಿ ಅವನ್ನು ಹಾಡಬೇಕೆಂಬುದು ಅವನ ಆಸೆಯಾಗಿತ್ತು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ, ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಆಕೆ ಹಾಡಿದಳು. ಆ ಕಚೇರಿಗೆ 4,800 ಡಾಲರುಗಳ ಖಾತರಿಯನ್ನು ಕೊಟ್ಟು ಅದು ನಡೆಯುವಂತೆ ಮಾಡಿದವರು ಜಯಚಾಮರಾಜ ಒಡೆಯರು. ಅವರು ಅಂದು ಆ ಭವನದಲ್ಲಿರಲಿಲ್ಲ, ಮೈಸೂರಿನಲ್ಲಿದ್ದರು. ಅವರು ಕೇಳಲೆಂದು ಹಾಡುಗಳನ್ನು ಆ ಸಂಜೆಯೇ ತಟ್ಟೆಗಳ ಮೇಲೆ ಹಿಡಿದು, ಸಮುದ್ರದ ಈ ಕಡೆಗೆ ಕಳುಹಿಸಿಕೊಟ್ಟರು. ಆ ತಟ್ಟೆಗಳ ಧ್ವನಿ ಇಂದಿಗೂ ಕೇಳಲು ದೊರೆಯುತ್ತದೆ. ಕರಕರ ಸದ್ದು ಬಹಳ. ಅದರ ಹಿಂದೆ ಆಕೆಯ ಕಂಠ, ಅದಕ್ಕೂ ಹಿಂದೆ ಟಿಕೆಟ್ಟು ಕೊಂಡು ಬಂದು ಕುಳಿತಿದ್ದ ಲಂಡನ್ನಿನ ಜನರ ಕೆಮ್ಮು.